ಶಿರಾಡಿ ಹತ್ತುವಾಗ ಎಂಜಿನ್ ಹೀಟ್ ಆಗ್ತಿದೆ. ನಿಮ್ಮ ಅನುಭವ ಹೇಳಿ

ಕೇಳಿದವರು, ಬೆಂಗಳೂರು
ನಮಸ್ಕಾರ. ನನ್ನದು 2012ರ ಪೆಟ್ರೋಲ್ ಕಾರು, 1,12,000 ಕಿ.ಮೀ. ಓಡಿದೆ. ಊರೊಳಗೆ, ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಹೋದ ವಾರ ಧರ್ಮಸ್ಥಳದಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಘಾಟಿ ಹತ್ತಲು ಶುರು ಮಾಡಿದೆ, ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮುಕ್ಕಾಲಿಗೆ ಹೋಯಿತು. ಎಸಿ ಆಫ್ ಮಾಡಿದೆ. ಸಕಲೇಶಪುರ ಮುಟ್ಟುವಷ್ಟರಲ್ಲಿ ಇಳಿಯಿತು. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಬಾಟಲಿಯಲ್ಲಿ ವಾರಕ್ಕೆ ಒಂದು ಬೆರಳಷ್ಟು ಕಡಿಮೆ ಆಗುತ್ತಿದೆ, ಕೆಳಗೆ ಸೋರಿದ ಗುರುತು ಮಾತ್ರ ಇಲ್ಲ. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಬಾಗಿಲು) ತೆಗೆದು ಬಿಸಾಕಿ ಅಂತಾರೆ. ಇನ್ನೊಬ್ಬರು ಆ ನೀರು ತಣ್ಣಗೆ ಮಾಡುವ ರೇಡಿಯೇಟರನ್ನೇ ಬದಲಿಸಿ ಅಂತಾರೆ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಮತ್ತೆ ಅದೇ ದಾರಿ. ಏನು ಮಾಡಲಿ?

ಹಾಸನದವರು
ಬಾಟಲಿ ಕಡಿಮೆ ಆಗ್ತಿದೆ ಎಂದು ಓದಿದಾಗಲೇ ಹೊಟ್ಟೆಯಲ್ಲಿ ಒಂಥರಾ ಆಯಿತು. ನನ್ನದೂ ಹೀಗೇ ಶುರುವಾಗಿದ್ದು.

2019ರ ಮೇ ತಿಂಗಳು. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುತ್ತಿದ್ದೆವು. ಮುಳ್ಳು ಕೆಂಪಿನ ಹತ್ತಿರ ಬಂತು. ಹೆಂಡತಿ "ನಿಲ್ಸಿ" ಎಂದಳು. ಎಂಟು ತಿಂಗಳ ಮಗು, ಜೋರು ಮಳೆ, ತಿರುವಿನಲ್ಲಿ ನಿಲ್ಲಿಸಲು ಜಾಗ ಇಲ್ಲ. ಹೇಗಾದರೂ ಕೊಟ್ಟಿಗೆಹಾರ ಮುಟ್ಟಿಬಿಡೋಣ ಎಂದು ಓಡಿಸಿದೆ. ಆರು ಕಿಲೋಮೀಟರ್ ಇರಬಹುದು. ಕೊನೆಗೆ ಮುಳ್ಳು ತಾನಾಗೇ ಕೆಳಗೆ ಬಿತ್ತು. ತಣ್ಣಗಾಯಿತಲ್ಲ ಎಂದು ಉಸಿರು ಬಿಟ್ಟೆ. ತಣ್ಣಗಾಗಿರಲಿಲ್ಲ. ಸೆನ್ಸರ್ ಮುಳುಗುವಷ್ಟು ನೀರೇ ಒಳಗೆ ಉಳಿದಿರಲಿಲ್ಲ. ಆಮೇಲೆ ಗಾಡಿ ಕಟಕಟ ಅಂದು ನಿಂತಿತು.

ಲೆಕ್ಕ ಇವತ್ತಿಗೂ ಬಾಯಿಪಾಠ. ಹಾಸನದವರೆಗೆ ಟೋಯಿಂಗ್ 5,500. ಎಂಜಿನ್ನಿನ ಮೇಲ್ಭಾಗದ ಕೆಳಗೆ ಕೂರುವ ಸೀಲು, ಅಂದರೆ ಗ್ಯಾಸ್ಕೆಟ್ ಕಿಟ್ 3,200. ಆ ಮೇಲ್ಭಾಗ, ಅಂದರೆ ಹೆಡ್, ಬೆಂಡ್ ಆಗಿತ್ತು, ಲೇತ್‌ನಲ್ಲಿ ಮಟ್ಟ ಮಾಡಿಸಿದ್ದು (ಫೇಸಿಂಗ್) 1,800. ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಸೇರಿ 6,400. ಆಯಿಲ್, ಫಿಲ್ಟರ್, ಕೂಲೆಂಟ್ 3,900. ಕೂಲಿ 8,500. ಒಟ್ಟು 29,300. ಮೂರು ತಿಂಗಳಿಗೆ ಮತ್ತೆ ಬಾಟಲಿಯಲ್ಲಿ ಗುಳ್ಳೆ. ಹೆಡ್‌ನಲ್ಲಿ ಕೂದಲೆಳೆಯಷ್ಟು ಬಿರುಕು. ಸೆಕೆಂಡ್ ಹ್ಯಾಂಡ್ ಹೆಡ್ 11,000, ಮತ್ತೆ ಗ್ಯಾಸ್ಕೆಟ್ 3,200, ಮತ್ತೆ ಕೂಲಿ 7,000. ಎಲ್ಲ ಸೇರಿ 50,500.

ಮೂಲ ಕಾರಣ ಏನು ಗೊತ್ತಾ? ಮೇಲಿನ ಹೋಸ್ ಪೈಪಿನ ಕ್ಲಿಪ್. 40 ರೂಪಾಯಿ. ಅಲ್ಲಿಂದ ಜಿನುಗಿದ ನೀರು ಬಿಸಿ ಎಂಜಿನ್ ಮೇಲೆ ಬಿದ್ದು ಅಲ್ಲೇ ಆರಿಹೋಗುತ್ತಿತ್ತು. ಅದಕ್ಕೇ ನೆಲದ ಮೇಲೆ ಗುರುತು ಇರಲಿಲ್ಲ.

ರಾಯಚೂರಿನವರು
ಥರ್ಮೋಸ್ಟ್ಯಾಟ್ ತೆಗೆಸಿ, ನಿಶ್ಚಿಂತೆಯಿಂದ ಇರಿ. ನಾನು 2014ರಲ್ಲಿ ತೆಗೆಸಿದೆ. ಅದಕ್ಕೂ ಮುಂಚೆ ಮೂರು ಗ್ಯಾರೇಜ್ ತಿರುಗಿದ್ದೆ. ಒಬ್ಬರು ಕೂಲೆಂಟ್ ಬದಲಿಸಿದರು, 1,900. ಒಬ್ಬರು ಫ್ಯಾನ್ ಮೋಟಾರ್ ಹಾಕಿದರು, 4,300. ಒಬ್ಬರು ರೇಡಿಯೇಟರನ್ನೇ ಬದಲಿಸಿದರು, 7,800. ಒಟ್ಟು 14,000 ಹೋಯಿತು, ಮುಳ್ಳು ಇಳಿಯಲಿಲ್ಲ. ಕೊನೆಗೆ ನಮ್ಮ ಓಣಿಯ ಹಳೇ ಮೇಸ್ತ್ರಿ ಅರ್ಧ ಗಂಟೆಯಲ್ಲಿ ಥರ್ಮೋಸ್ಟ್ಯಾಟ್ ತೆಗೆದು ಕೈಗೆ ಕೊಟ್ಟರು. ತೆಗೆದುಕೊಂಡಿದ್ದು 200 ರೂಪಾಯಿ. ನಮ್ಮಲ್ಲಿ ಮೇ ತಿಂಗಳು 42 ಡಿಗ್ರಿ ದಾಟುತ್ತದೆ. ಲಿಂಗಸುಗೂರಿಗೂ ಬಳ್ಳಾರಿಗೂ ಮಧ್ಯಾಹ್ನವೇ ಹೋಗಿ ಬರ್ತೀನಿ. ಇವತ್ತಿನವರೆಗೂ ಮುಳ್ಳು ಅರ್ಧ ದಾಟಿಲ್ಲ. ಆ ಭಾಗ ಚಳಿ ದೇಶಕ್ಕೆ ಮಾಡಿದ್ದು, ನಮ್ಮ ಬಿಸಿಲಿಗಲ್ಲ.

ಗ್ಯಾರೇಜಿನವರು, ತುಮಕೂರು
ದಯವಿಟ್ಟು ಈ ಮಾತು ಕೇಳಬೇಡಿ. 22 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ಥರ್ಮೋಸ್ಟ್ಯಾಟ್ ತೆಗೆದ ಗಾಡಿಗಳು ತಿಂಗಳಿಗೆ ಎರಡಾದರೂ ಬರುತ್ತವೆ. ಆಯಿಲ್ ಮುಚ್ಚಳ ತೆಗೆದರೆ ಒಳಗೆ ಕಪ್ಪು ಗಸಿ. ಥರ್ಮೋಸ್ಟ್ಯಾಟ್ ಒಳಗೆ ಒಂದು ಮೇಣದ ಗುಂಡು ಇರುತ್ತದೆ. 82 ಡಿಗ್ರಿಯೋ 88 ಡಿಗ್ರಿಯೋ ಆದಾಗ ಮೇಣ ಕರಗಿ ಉಬ್ಬಿ ಬಾಗಿಲು ತೆಗೆಯುತ್ತದೆ. ಹೊರಗೆ 42 ಇದ್ದರೂ ಎಂಜಿನ್‌ಗೆ ಅದು ತಣ್ಣನೆಯದೇ. ಬಿಸಿ ಸಾಲದ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಕೆಡಿಸುತ್ತದೆ. ಕೆಲವು ಗಾಡಿಗಳಲ್ಲಿ ಅದೇ ಭಾಗ ರೇಡಿಯೇಟರ್ ಬಿಟ್ಟು ನೀರು ಸುತ್ತುವ ಬೈಪಾಸ್ ದಾರಿಯನ್ನೂ ಮುಚ್ಚಬೇಕು. ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ, ಹೀಟ್ ಇನ್ನೂ ಹೆಚ್ಚುತ್ತದೆ.

ಕೆಟ್ಟಿದೆಯಾ ಎಂದು ನೋಡಲು ಒಂದು ಪಾತ್ರೆ ನೀರು ಸಾಕು. ಅದರಲ್ಲಿ ಹಾಕಿ ಒಲೆ ಮೇಲಿಡಿ. ಕುದಿ ಬರುವ ಮುಂಚೆ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ. ಹಾಕದೆ ಬಿಡಬೇಡಿ.

ರಾಯಚೂರಿನವರು
ಗಸಿ ಬರುವುದು ಆಯಿಲ್ ಬದಲಿಸದವರ ಗಾಡಿಗೆ. ನಾನು 7,500 ಕಿ.ಮೀ.ಗೆ ತಪ್ಪದೆ ಬದಲಿಸ್ತೀನಿ. 11 ವರ್ಷ ಓಡಿಸಿದವನು ನಾನು. ನಿಮ್ಮಲ್ಲಿಗೆ ಬರುವುದು ಕೆಟ್ಟ ಗಾಡಿ ಮಾತ್ರ. ಚೆನ್ನಾಗಿ ಓಡುವ ಗಾಡಿ ನಿಮ್ಮ ಗ್ಯಾರೇಜಿಗೆ ಯಾಕೆ ಬರಬೇಕು?

ಮಂಗಳೂರಿನವರು
ನೀವಿಬ್ಬರೂ ಥರ್ಮೋಸ್ಟ್ಯಾಟ್ ಹಿಡಿದುಕೊಂಡು ಕೂತಿದ್ದೀರಿ ಮಾರಾಯ್ರೇ. ನನ್ನ ಕಥೆ ಕೇಳಿ. ಪಂಪ್‌ವೆಲ್‌ನಲ್ಲಿ ಟ್ರಾಫಿಕ್ ನಿಂತಾಗ ಮುಳ್ಳು ಏರುತ್ತಿತ್ತು, ಹೈವೇಗೆ ಬಂದರೆ ಇಳಿಯುತ್ತಿತ್ತು. ದೊಡ್ಡ ಸರ್ವಿಸ್ ಸೆಂಟರಿಗೆ ಬಿಟ್ಟೆವು. ಮೊದಲ ಸಲ ಥರ್ಮೋಸ್ಟ್ಯಾಟ್, ಕೂಲಿ ಸೇರಿ 1,750. ಎರಡನೇ ಸಲ ವಾಟರ್ ಪಂಪ್, 6,100. ಮೂರನೇ ಸಲ ರೇಡಿಯೇಟರ್, 9,400. ಒಟ್ಟು 17,250. ನಾಲ್ಕನೇ ದಿನ ಮತ್ತೆ ಅದೇ ಪಾಡು.

ಆವತ್ತು ನನ್ನ ಗಂಡ ತಾಳ್ಮೆ ಕಳೆದುಕೊಂಡು ಬಿಸಿ ಇರುವಾಗಲೇ ರೇಡಿಯೇಟರ್ ಮುಚ್ಚಳ ತಿರುಗಿಸಿದರು. ಬಟ್ಟೆ ಹಿಡಿದೇ ತಿರುಗಿಸಿದ್ದು. ಹಸಿರು ನೀರು ಕಾರಂಜಿಯ ಹಾಗೆ ಎದ್ದು ಮೊಣಕೈವರೆಗೆ ಸುರಿಯಿತು. ಚರ್ಮ ವಾಚಿನ ಪಟ್ಟಿಯ ಜೊತೆಗೇ ಎದ್ದು ಬಂತು. ಹದಿನಾರು ದಿನ ಡ್ರೆಸ್ಸಿಂಗ್. ಗಾಡಿಗೆ ಹೋದ ದುಡ್ಡು ಒಂದು ದಿನ ಮರೆಯಬಹುದು, ಅವರ ಆ ಕೂಗು ಮರೆಯಲು ಆಗುವುದಿಲ್ಲ.

ಆಮೇಲೆ ನಾನೇ ಬಾನೆಟ್ ತೆಗೆದು ಮುಂದೆ ನಿಂತೆ. ಮಗನಿಗೆ ಎಸಿ ಹಾಕು ಅಂದೆ. ಎಸಿ ಹಾಕಿದರೆ ಫ್ಯಾನ್ ತಿರುಗಬೇಕು ಅಲ್ವಾ? ತಿರುಗಲಿಲ್ಲ. ಫ್ಯೂಸ್ ಡಬ್ಬಿಯಲ್ಲಿ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ರಿಲೇ, ಕಿತ್ತು ನೋಡಿದರೆ ಒಂದು ಕಾಲು ಸುಟ್ಟು ಕಂದು ಬಣ್ಣ. ಹೊಸದು 280 ರೂಪಾಯಿ. ಅಷ್ಟೇ. ಎರಡು ವರ್ಷ ಆಯಿತು. ಎಸಿ ಹಾಕಿ ಫ್ಯಾನ್ ನೋಡದೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಗ್ಯಾರೇಜಿನವರು, ತುಮಕೂರು
ಅಕ್ಕ, ನಿಮ್ಮದು ನಿಂತಾಗ ಹೀಟ್, ಇವರದು ಘಾಟಿ ಹತ್ತುವಾಗ ಹೀಟ್. ಎರಡೂ ಒಂದೇ ಅಲ್ಲ.

ಮಂಗಳೂರಿನವರು
ಘಾಟಿಯಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಗಾಳಿ ಎಲ್ಲಿಂದ ಬರುತ್ತದೆ ಅಣ್ಣ? ಅಲ್ಲಿ ಫ್ಯಾನೇ ಗತಿ. ನನಗೆ 17,250 ರೂಪಾಯಿ ಖರ್ಚು ಮಾಡಿಸಿದವರೂ ಹೀಗೇ "ನಿಮಗೆ ಗೊತ್ತಾಗಲ್ಲ ಮೇಡಂ" ಎಂಬ ಧಾಟಿಯಲ್ಲೇ ಮಾತಾಡಿದ್ದರು.

ಗ್ಯಾರೇಜಿನವರು, ತುಮಕೂರು
ನಾನು ಆ ಅರ್ಥದಲ್ಲಿ ಹೇಳಲಿಲ್ಲ. ತಪ್ಪಾಗಿದ್ದರೆ ಕ್ಷಮಿಸಿ. ಲಾರಿ ಹಿಂದಿನ ಮಾತು ಸರಿ.

ಕೋಲಾರದವರು
ಎಲ್ಲರೂ ಬಿಟ್ಟ ವಿಷಯ ನೀರು. ನಾನು ಆರು ವರ್ಷ ಮನೆಯ ಬೋರ್‌ವೆಲ್ ನೀರೇ ಹಾಕಿದೆ. ಸ್ನಾನದ ಹಂಡೆಯೊಳಗೆ ಬಿಳಿ ಸುಣ್ಣ ಕಟ್ಟುತ್ತದಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟಿತ್ತು. ಕೈಯಿಟ್ಟು ನೋಡಿದರೆ ಮೇಲಿನ ಅರ್ಧ ಸುಡುತ್ತಿತ್ತು, ಕೆಳಗೆ ಮೂಲೆಯಲ್ಲಿ ತಣ್ಣಗೆ. ಹಳೇ ತಾಮ್ರದ್ದಾದರೆ ಬಿಚ್ಚಿ ಸಲಾಕೆ ಹಾಕಿ ಶುಚಿ ಮಾಡಬಹುದಿತ್ತು. ಇದು ಅಲ್ಯೂಮಿನಿಯಂ, ಮೇಲೆ ಕೆಳಗೆ ಪ್ಲಾಸ್ಟಿಕ್. ಬಿಚ್ಚಲು ಹೋಗಿ ಪ್ಲಾಸ್ಟಿಕ್ ಸೀಳಿತು. ಆ ಕೂಲಿ 800 ದಂಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು 5,200. ಈಗ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೇರೆ ನೀರು ಮುಟ್ಟಿಸುವುದಿಲ್ಲ.

ರಾಯಚೂರಿನವರು
ನಾವು ಮೊದಲಿಂದಲೂ ಬೋರ್ ನೀರೇ ಹಾಕೋದು. ಏನೂ ಆಗಿಲ್ಲ.

ಕೋಲಾರದವರು
ಸ್ವಾಮಿ, ನೀವು ರೇಡಿಯೇಟರ್‌ಗೆ 7,800 ಕೊಟ್ಟಿದ್ದು ಮೇಲೆ ನೀವೇ ಬರೆದಿದ್ದೀರಿ. ಹಳೇದು ಯಾಕೆ ಕಟ್ಟಿಕೊಂಡಿತ್ತು ಎಂದು ಯಾರನ್ನಾದರೂ ಕೇಳಿದಿರಾ?

ರಾಯಚೂರಿನವರು
ಕಟ್ಟಿಕೊಂಡಿತ್ತು ಎಂದು ನಾನು ಎಲ್ಲಿ ಬರೆದೆ? ಸುಮ್ನೆ ನಿಮ್ಮ ಮಾತು ನನ್ನ ಬಾಯಿಗೆ ಹಾಕಬೇಡಿ. ಡಿಸ್ಟಿಲ್ಡ್ ವಾಟರ್ ನಮ್ಮ ದಾರಿಯಲ್ಲಿ ನಡುಮಧ್ಯಾಹ್ನ ಎಲ್ಲಿ ಸಿಗುತ್ತದೆ? ಸಿಕ್ಕ ನೀರು ಹಾಕಿ ಮನೆ ಸೇರಬೇಕು.

ಮಂಗಳೂರಿನವರು
ಒಂದು ಮಾತು ಹೇಳಿಬಿಡ್ತೇನೆ. ಕೂಲೆಂಟ್ ಚೆಲ್ಲಿದರೆ ಕೂಡಲೇ ತೊಳೆಯಿರಿ. ಅದು ಸಿಹಿ ಇರುತ್ತದೆ, ನಾಯಿ ನೆಕ್ಕುತ್ತದೆ. ಸ್ವಲ್ಪ ಒಳಗೆ ಹೋದರೂ ಕಿಡ್ನಿ ಹೋಗುತ್ತದೆ. ನಮ್ಮ ಪಕ್ಕದ ಮನೆಯ ಮರಿ ಹಾಗೇ ಹೋಯಿತು.

ಕೇಳಿದವರು, ಬೆಂಗಳೂರು
ಎಲ್ಲರಿಗೂ ಧನ್ಯವಾದ. ಈಗಷ್ಟೇ ನೋಡಿದೆ. ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗುತ್ತಿದೆ. ಹೋಸ್ ಕ್ಲಿಪ್‌ಗಳು ಬಿಗಿ ಇವೆ. ಗಾಡಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆ, ಒಳಗಿನ ರಬ್ಬರ್ ಒಂದು ಕಡೆ ಸೀಳಿದೆ. ಮುಚ್ಚಳದ ಮೇಲೆ 0.9 ಎಂದಿದೆ. ಇಷ್ಟಕ್ಕೇ ಹೀಟ್ ಆಗುತ್ತದಾ?

ರಾಯಚೂರಿನವರು
ಥರ್ಮೋಸ್ಟ್ಯಾಟ್ ಇರುವವರೆಗೆ ಆಗುತ್ತಲೇ ಇರುತ್ತದೆ.

ಗ್ಯಾರೇಜಿನವರು, ತುಮಕೂರು
ಇವರ ಮಾತು ಬಿಡಿ. ಮುಚ್ಚಳ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 118 ಡಿಗ್ರಿ ಹತ್ತಿರದವರೆಗೆ ಕುದಿಯುವುದಿಲ್ಲ. ರಬ್ಬರ್ ಸೀಳಿದರೆ 100ಕ್ಕೇ ಕುದಿಯುತ್ತದೆ. ಕೂಲೆಂಟ್ ಇದ್ದರೆ ಅದಕ್ಕಿಂತ ನಾಲ್ಕಾರು ಡಿಗ್ರಿ ಮೇಲೆ, ಅಷ್ಟೇ. ಕುದಿದದ್ದು ಆವಿಯಾಗಿ ಹೋಗುತ್ತದೆ, ನೆಲದ ಮೇಲೆ ಗುರುತು ಎಲ್ಲಿಂದ ಬರಬೇಕು? ಹೊಸ ಮುಚ್ಚಳ 300 ರೂಪಾಯಿ ಒಳಗೇ ಸಿಗಬಹುದು. 0.9 ಎನ್ನುವುದು ಮುಚ್ಚಳ ಹಿಡಿಯುವ ಒತ್ತಡ, 0.9 ಇದ್ದರೆ 0.9 ಅನ್ನೇ ಹಾಕಿ. ಜಾಸ್ತಿ ಒತ್ತಡದ್ದು ಹಾಕಿದರೆ ಹೋಸ್ ಸೀಳುತ್ತದೆ.

ಹಾಸನದವರು
ಮುಚ್ಚಳ ಹಾಕಿ, ಆದರೆ ಅಷ್ಟಕ್ಕೇ ಘಾಟಿಗೆ ಹೊರಡಬೇಡಿ. ನಾನೂ ಕ್ಲಿಪ್ ಸಿಕ್ಕಿತು, ಮುಗಿಯಿತು ಅಂದುಕೊಂಡವನೇ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮೇಲಿನ ಹೋಸ್ ಹಿಸುಕಿ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯ ಹೋಸ್ ಮೆತ್ತಗಿರಬೇಕು, ಗಟ್ಟಿ ಇರಬಾರದು. ಆಮೇಲೆ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೀರನ್ನೇ ನೋಡುತ್ತಾ ನಿಲ್ಲಿ. ಮೊದಲು ಒಂದೆರಡು ಗುಳ್ಳೆ ಬಂದರೆ ಪರವಾಗಿಲ್ಲ. ಬಿಡದೆ ಬರ್ತಾನೇ ಇದ್ದರೆ ಕೂಡಲೇ ಆಫ್ ಮಾಡಿ, ಅದು ಗ್ಯಾಸ್ಕೆಟ್ ಇರಬಹುದು, ಇಲ್ಲ ನನ್ನದರ ಹಾಗೆ ಹೆಡ್ಡಿನ ಬಿರುಕು. ಐದು ನಿಮಿಷ ಸಾಕು. ಮುಖ ಮಾತ್ರ ದೂರ ಇರಲಿ. ನೋಡಿ ಇಲ್ಲೇ ಬರೆಯಿರಿ, ನಾನು ಆರೂವರೆಗೆ ಎದ್ದಿರ್ತೀನಿ.