ರೈಜೆನ್ 5600ಕ್ಕೆ ಕಡಿಮೆ ಬೆಲೆಯ ಏರ್ ಕೂಲರ್: ರಾಯಚೂರು ಬಿಸಿಲಿಗೆ ಸಾಕಾಗುತ್ತಾ?

ರಾಯಚೂರು ಸ್ಟುಡಿಯೊ:
ನಮಸ್ಕಾರ. ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಸಿಸ್ಟಮ್‌ನಲ್ಲಿರುವುದು ರೈಜೆನ್ 5 5600 ಪ್ರೊಸೆಸರ್, ಬಾಕ್ಸ್ ಜೊತೆಗೇ ಬಂದ ವ್ರೈತ್ ಸ್ಟೆಲ್ತ್ ಕೂಲರ್. ಚಳಿಗಾಲದಲ್ಲಿ ತೊಂದರೆ ಇರಲಿಲ್ಲ. ಈಗ ಮಧ್ಯಾಹ್ನ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಟೆಂಪರೇಚರ್ 90ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಕ್ಲಾಕ್ ಸ್ಪೀಡ್ (ಪ್ರೊಸೆಸರ್ ವೇಗ) ಇಳಿಯುತ್ತದೆ. ಫ್ಯಾನ್ ಸದ್ದಿಗೆ ಹೆಡ್‌ಫೋನ್ ಇಲ್ಲದೆ ಆಡಿಯೊ ಕೇಳುವುದೇ ಕಷ್ಟ. ರೂಮಿಗೆ ಎಸಿ ಇಲ್ಲ, ಮಧ್ಯಾಹ್ನ 37 ಡಿಗ್ರಿ ಇರುತ್ತದೆ. ಬಜೆಟ್ 2,000 ರೂಪಾಯಿ. ಡೀಪ್‌ಕೂಲ್ ಎಜಿ400, ಥರ್ಮಲ್‌ರೈಟ್ ಅಸಾಸಿನ್ ಎಕ್ಸ್ 120 ಎಸ್ಇ ನೋಡಿಟ್ಟಿದ್ದೇನೆ. ಅಂಗಡಿಯವರು ಲಿಕ್ವಿಡ್ ಕೂಲರ್ರೇ ಹಾಕಿಸಿ ಅಂತಿದ್ದಾರೆ. ಬೇಕಾ?

ಹುಬ್ಬಳ್ಳಿ ಪಿಸಿ:
ಬೇಡ ಸರ್. 5600 ಬರೀ 65 ವಾಟ್ ಚಿಪ್. ಬಯಾಸ್ (ಮದರ್‌ಬೋರ್ಡ್ ಸೆಟ್ಟಿಂಗ್) ಮುಟ್ಟದಿದ್ದರೆ ಫುಲ್ ಲೋಡ್‌ನಲ್ಲೂ 76 ವಾಟ್ ಮಿತಿ. ಅಷ್ಟು ಬಿಸಿ ಎಳೆಯಲು ನಾಲ್ಕು ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ), ಒಂದು 120 ಎಂಎಂ ಫ್ಯಾನ್ ಸಾಕು. ನೀವು ನೋಡಿರುವ ಎರಡರಲ್ಲೂ ಅಷ್ಟಿದೆ. ಯಾವುದು ಕಡಿಮೆಗೆ ಸಿಗುತ್ತದೋ ಅದನ್ನೇ ತಗೊಳ್ಳಿ. ಸ್ಟೆಲ್ತ್‌ನಲ್ಲಿ ಹೀಟ್‌ಪೈಪೇ ಇಲ್ಲ, ಅಲ್ಯೂಮಿನಿಯಂ ಅಷ್ಟೇ.

ಆದರೆ ರಿವ್ಯೂನಲ್ಲಿ 65 ಡಿಗ್ರಿ ಅಂತ ಇದ್ದರೆ ಅದನ್ನೇ ನಂಬಿ ಕೂರಬೇಡಿ. ಆ ರೂಮು ಎಷ್ಟು ತಣ್ಣಗಿತ್ತು ಅನ್ನುವುದೂ ಮುಖ್ಯ ಅಲ್ವಾ? ಏರ್ ಆಗಲಿ ಲಿಕ್ವಿಡ್ ಆಗಲಿ, ರೂಮಿನ ಗಾಳಿಗಿಂತ ತಣ್ಣಗೆ ಮಾಡಲು ಆಗುವುದಿಲ್ಲ. ರೂಮಿಗಿಂತ ಎಷ್ಟು ಜಾಸ್ತಿ ಅಂತ ನೋಡಿ. ನನ್ನದೂ 5600, ಮೇಲೆ ಎಜಿ400. ರೂಮು 31 ಇದ್ದಾಗ ಬ್ಲೆಂಡರ್ ರೆಂಡರ್‌ನಲ್ಲಿ 73 ಬರುತ್ತದೆ, ಅಂದರೆ 42 ಜಾಸ್ತಿ. ನಿಮ್ಮ 37ಕ್ಕೆ ಸೇರಿಸಿದರೆ 79ರ ಹತ್ತಿರ. ಕ್ಲಾಕ್ ಇಳಿಯುವುದಿಲ್ಲ.

ಶಿವಮೊಗ್ಗದವನು:
ಮೊದಲು ಕ್ಯಾಬಿನೆಟ್ ಅಳತೆ ನೋಡಿ. ಎಜಿ400 ಎತ್ತರ 150 ಎಂಎಂ, ಅಸಾಸಿನ್ ಎಕ್ಸ್ 148.

ಹಳೇ ಕೂಲರ್ ತೆಗೆಯುವಾಗ ಜೋಪಾನ. ನಿಮ್ಮ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನಲ್ಲಿ ಪಿನ್ ಇರುವುದು ಪ್ರೊಸೆಸರ್‌ನಲ್ಲೇ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿ ಗಟ್ಟಿಯಾಗಿ ಹಿಡಿದಿರುತ್ತದೆ. ನೇರವಾಗಿ ಮೇಲಕ್ಕೆ ಎಳೆದರೆ, ಲಿವರ್ ಲಾಕ್ ಆಗಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಬರಬಹುದು, ಪಿನ್ ಬಾಗಬಹುದು. ಸ್ವಲ್ಪ ಹೊತ್ತು ಏನಾದರೂ ರೆಂಡರ್ ಓಡಿಸಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ ಪ್ಲಗ್ ತೆಗೆಯಿರಿ. ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತಾ ಬಿಡಿಸಿ. ಸ್ಕ್ರೂ ಬಿಚ್ಚಿದ ಕೂಡಲೇ ಬೋರ್ಡ್ ಹಿಂದಿನ ಬ್ಯಾಕ್‌ಪ್ಲೇಟ್ ಕಳಚಿ ಬೀಳುತ್ತದೆ. ಹೊಸ ಕೂಲರ್‌ಗೂ ಅದೇ ಬೇಕು, ಎತ್ತಿಟ್ಟುಕೊಳ್ಳಿ.

ರಾಯಚೂರು ಸ್ಟುಡಿಯೊ:
ತುಂಬಾ ಥ್ಯಾಂಕ್ಸ್. ಕ್ಯಾಬಿನೆಟ್‌ನಲ್ಲಿ 160 ಎಂಎಂವರೆಗೆ ಹಿಡಿಯುತ್ತದೆ. ಮುಂದೆ ಪೂರ್ತಿ ಗಾಜು, ಹಿಂದೆ ಒಂದೇ ಫ್ಯಾನ್. ಇದರಿಂದಲೂ ಬಿಸಿ ಆಗುತ್ತಾ?

ಹುಬ್ಬಳ್ಳಿ ಪಿಸಿ:
ಖಂಡಿತ ಆಗುತ್ತದೆ. ಈಗಲೇ ಪಕ್ಕದ ಪ್ಯಾನಲ್ ತೆಗೆದಿಟ್ಟು ಅದೇ ಎಕ್ಸ್‌ಪೋರ್ಟ್ ಓಡಿಸಿ ನೋಡಿ. ಟೆಂಪರೇಚರ್ ಚೆನ್ನಾಗಿ ಇಳಿದರೆ ಒಳಗೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಆಗ ಕೂಲರ್ ಜೊತೆ ಮುಂದಕ್ಕೂ ಒಂದು 120 ಎಂಎಂ ಫ್ಯಾನ್ ಹಾಕಿಸಿ. ಕೂಲರ್ ಫ್ಯಾನ್ ಗಾಳಿ ಕ್ಯಾಬಿನೆಟ್ ಹಿಂಭಾಗದ ಕಡೆ ಹೋಗುವಂತೆ ಕೂರಿಸಿ.