ಅಜ್ಜಿಯ ಕೈಯಳತೆಯನ್ನು ಪುಸ್ತಕಕ್ಕೆ ಇಳಿಸೋದು ಹೇಗೆ?

ಹೊಸಪುಟ: ಅಜ್ಜಿಯ ಹತ್ತು-ಹದಿನೈದು ಅಡುಗೆಗಳನ್ನು ಕೈಬರಹ, ಜಲವರ್ಣ ಚಿತ್ರಗಳ ಸಮೇತ ಪುಸ್ತಕ ಮಾಡಬೇಕಿದೆ. ಅಳತೆ ಕೇಳಿದರೆ "ಒಂದು ಹಿಡಿ", "ಅರ್ಧ ಪಾವು", "ಕಣ್ಣಂದಾಜು". ಗ್ರಾಮಿಗೆ ತರೋದು ಹೇಗೆ? ಬಣ್ಣಕ್ಕೆ ಅರಿಸಿನ, ಕಾಫಿ ಡಿಕಾಕ್ಷನ್ನನ್ನೇ ಬಳಸಬಹುದಾ?

ಬೀಸುಕಲ್ಲು: ಕೈಗೆ ಚಮಚ ಕೊಟ್ಟು ಅಳೆಸಬೇಡಿ, ಹದ ತಪ್ಪುತ್ತೆ. ಧನಿಯಾ ಡಬ್ಬವನ್ನೇ ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಅವರು ಹಿಡಿ ತೆಗೆದ ಮೇಲೆ -18 ತೋರಿಸಿದರೆ ಆ ಹಿಡಿ 18 ಗ್ರಾಂ. ಒಂದೇ ಸಲದ ಲೆಕ್ಕ ನಂಬಬೇಡಿ, ಮೂರು ದಿನ ನೋಡಿ. ಇಂಗಿನ ಚಿಟಿಕೆಗೆ ಅಡುಗೆಮನೆ ತಕ್ಕಡಿ ಕುರುಡು. ಹತ್ತು ಚಿಟಿಕೆ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ.

4 ಚಟಾಕು 1 ಪಾವು, 4 ಪಾವು 1 ಸೇರು ಅನ್ನೋ ಲೆಕ್ಕವೇನೋ ಸರಿ, ಆದರೆ ಪಾವೇ ಊರಿಂದ ಊರಿಗೆ ಬೇರೆ. ನೆಟ್ಟಿನ ಪಟ್ಟಿ ಬಿಡಿ. ಆ ಮನೆಯ ಖಾಲಿ ಪಾವನ್ನೇ ತಕ್ಕಡಿ ಮೇಲೆ ಸೊನ್ನೆಗೆ ತಂದು, ನೀರು ತುಂಬಿ ತೂಗಿ, ಎಷ್ಟು ಗ್ರಾಮೋ ಅಷ್ಟು ಮಿಲಿ. ಅಕ್ಕಿಯನ್ನು ತಲೆ ಸವರಿ ಅಳೀತಾರಾ, ಗೋಪುರ ಏರಿಸಿಯಾ ಅಂತಲೂ ಬರೆದಿಡಿ. ಅನ್ನದ ನೀರಿನ ಲೆಕ್ಕ ತಪ್ಪೋದು ಇಲ್ಲೇ.

ಕುಂಚಕಡ್ಡಿ: ಅರಿಸಿನ ಬೇಡ. ಬೆಳಕಿಗೆ ಬೇಗ ಮಾಸುತ್ತೆ, ಸೋಪಿನ ಕೈ ತಾಗಿದರೆ ಕೆಂಪಗಾಗುತ್ತೆ. ಆರತಿಯ ಓಕುಳಿ ಸುಣ್ಣ ಬೆರೆಸಿದರೆ ಕೆಂಪಾಗೋದೂ ಹಾಗೇ ತಾನೆ. ಡಿಕಾಕ್ಷನ್ ಪರವಾಗಿಲ್ಲ, ಹಾಲು-ಸಕ್ಕರೆ ಇಲ್ಲದ್ದು. ಒಂದು ಪದರ ಒಣಗಿದ ಮೇಲೇ ಇನ್ನೊಂದು. ಮೂರಕ್ಕೆ ಹುರಿದ ಬೇಳೆಯ ಬಣ್ಣ ಬರುತ್ತೆ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ) ಇರಲಿ, ತೆಳು ಹಾಳೆ ಸುಕ್ಕಾಗುತ್ತೆ. ಬಹುತೇಕ ಜೆಲ್ ಪೆನ್ನುಗಳ ಗೆರೆ ನೀರಿಗೆ ಕದಡುತ್ತೆ, ವಾಟರ್‌ಪ್ರೂಫ್ ಪಿಗ್ಮೆಂಟ್ ಇಂಕಿನದ್ದು ತಗೊಳ್ಳಿ. ಇನ್ನೊಂದು ಮಾತು: ಅಲಂಕರಿಸಿದ ತಟ್ಟೆಯ ಚಿತ್ರ ಎಲ್ಲೂ ಸಿಗುತ್ತೆ. ಸೊಟ್ಟಗಾದ ಸೌಟು, ಪಾತ್ರೆ ಮೇಲೆ ಕೊರೆಸಿದ ಹೆಸರು-ತಾರೀಖು ಬಿಡಿಸಿ.

ತವರುಬುತ್ತಿ: ಅವರ ಮಾತು ತಿದ್ದಬೇಡಿ. "ಹುಳಿ" ಅಂದದ್ದನ್ನು ಸಾಂಬಾರ್ ಮಾಡಬೇಡಿ. ಕರಾವಳಿ ಮನೆಯಾದರೆ "ಕೊದ್ದೆಲ್" ಅಂತಲೇ ಇರಲಿ. ಕೂರಿಸಿ ಕೇಳಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತೆ, ಒಲೆ ಮುಂದೆ ರೆಕಾರ್ಡ್ ಮಾಡಿ. ಮಿಕ್ಸಿ ತಿರುಗುವಾಗ ಮಾತಾಡಿಸಬೇಡಿ, ಏನೂ ಕೇಳಿಸಲ್ಲ. ನಿಮಿಷಕ್ಕಿಂತ ಗುರುತು ಬರೆಯಿರಿ: ಹುಳಿಪುಡಿಗೆ ಕಡಲೆಬೇಳೆ ಕೆಂಪಗಾಗಿ ಘಮ್ಮೆನ್ನಬೇಕು, ಮೆಂತ್ಯ ಬೇರೆಯಾಗಿ ಹುರೀಬೇಕು, ಅದು ಕಪ್ಪಾದರೆ ಪುಡಿ ಪೂರ್ತಿ ಕಹಿ. ಎಡಪುಟಕ್ಕೆ ಅಳತೆ, ಬಲಪುಟಕ್ಕೆ ಯಾವ ಹಬ್ಬಕ್ಕೆ, ಯಾರಿಂದ ಕಲಿತದ್ದು ಅನ್ನೋದು.

ಹೊಸಪುಟ: "ನಿಂಬೆಗಾತ್ರ ಹುಣಸೆ"ಗೆ?

ಬೀಸುಕಲ್ಲು: ನೆನೆಸುವ ಮುಂಚೆ ಉಂಡೆ ತೂಗಿ. ಜೊತೆಗೆ ಹೊಸ ಹುಣಸೆಯೋ ಹಳೇದೋ ಬರೆಯಿರಿ, ಹಳೇದು ಸಾರನ್ನು ಕಪ್ಪು ಮಾಡುತ್ತೆ.