ಸಹಾಯ ಬೇಕು: ಅಮ್ಮನಿಗೆ ಓದಲು ಹಗುರವಾದ ಕಾದಂಬರಿಗಳು

ನಮಸ್ಕಾರ. ಅಮ್ಮನಿಗೆ ಹಗುರವಾದ ಕನ್ನಡ ಕಾದಂಬರಿಗಳು ಬೇಕು. ಮಧ್ಯಾಹ್ನ ಊಟ ಮುಗಿಸಿ ಅಡ್ಡಾದಾಗ ತಾನಾಗಿ ಓದಿಸಿಕೊಂಡು ಹೋಗುವಂಥವು.

ಅವರ ರುಚಿ ಹೇಳಿಬಿಡುತ್ತೇನೆ. ತ್ರಿವೇಣಿ, ಎಂ.ಕೆ. ಇಂದಿರಾ ಓದಿ ಮುಗಿದಿದೆ. ಟಿ.ಕೆ. ರಾಮರಾವ್ ಪತ್ತೇದಾರಿ ಅಂದರೆ ಈಗಲೂ ಇಷ್ಟ. ಆದರೆ ಅಮ್ಮನಿಗೆ ಹುಚ್ಚು ಹಿಡಿಸಿದವರು ತೇಜಸ್ವಿ. 'ಕರ್ವಾಲೊ'ದಲ್ಲಿ ಹಾರುವ ಓತಿ ಹುಡುಕಿಕೊಂಡು ಎಲ್ಲರೂ ಕಾಡಿಗೆ ಹೊರಡುತ್ತಾರಲ್ಲ, ಅಲ್ಲಿ ಮಂದಣ್ಣ ಬಾಯಿ ಬಿಟ್ಟಾಗಲೆಲ್ಲ ಅಮ್ಮನಿಗೆ ನಗು. ಅಡುಗೆಮನೆಯಲ್ಲಿದ್ದ ನನ್ನನ್ನೂ ಕರೆದು ಓದಿ ಹೇಳುತ್ತಿದ್ದರು. 'ಜುಗಾರಿ ಕ್ರಾಸ್' ಅಂತೂ ರಾತ್ರಿ ನಿದ್ದೆಗೆಟ್ಟು ಮುಗಿಸಿದರು. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿಯ ಕಥೆ ಎಷ್ಟು ಬಿರುಸಾಗಿ ಓಡುತ್ತದೆ, ಅಲ್ವಾ? ಆ ಓಟ, ಆ ನಗು ಎರಡೂ ಇರುವ ಪುಸ್ತಕ ಇನ್ನು ಯಾವುದಿದೆ?

ಹೊಸಬರು ಬರೆದದ್ದಾದರೆ ಇನ್ನೂ ಒಳ್ಳೆಯದು. ವಸುಧೇಂದ್ರರ 'ತೇಜೋ ತುಂಗಭದ್ರಾ' ಮನೆಯಲ್ಲಿದೆ. ಬಹಳ ಚೆನ್ನಾಗಿದೆ, ಆದರೆ ದಪ್ಪ ಪುಸ್ತಕ, ಮಲಗಿಕೊಂಡು ಹಿಡಿದರೆ ಅವರ ಕೈ ಸೋಲುತ್ತದೆ. ಹಾಗಾಗಿ 200 ಪುಟದ ಆಸುಪಾಸು ಸಾಕು. ಅಕ್ಷರ ತೀರಾ ಸಣ್ಣದಿರಬಾರದು. ಸಾವು ನೋವಿನ ಕಥೆ ಸದ್ಯಕ್ಕೆ ಬೇಡ. ಹಾಗಂತ ಸುಮ್ನೆ ಹೊತ್ತು ಕಳೆಯುವ ಜೊಳ್ಳು ಪುಸ್ತಕವೂ ಬೇಡ, ಎರಡು ಪುಟಕ್ಕೇ ಬದಿಗಿಟ್ಟುಬಿಡುತ್ತಾರೆ. ಕನ್ನಡ ಸರಾಗವಾಗಿದ್ದರೆ ಅನುವಾದವೂ ಆಗುತ್ತದೆ.

ಈಗ ಅಂಗಡಿಯಲ್ಲಿ ಸಿಗುವಂಥದ್ದಾದರೆ ಅನುಕೂಲ. ಪ್ರತಿಗಳು ಮುಗಿದಿದ್ದರೆ, ಹಳೇ ಪುಸ್ತಕ ಮಾರುವವರು ಗೊತ್ತಿದ್ದರೂ ತಿಳಿಸಿ. ಹೆಸರಿನ ಜೊತೆ ನಿಮಗೆ ಯಾಕೆ ಹಿಡಿಸಿತು ಅಂತ ಒಂದು ಸಾಲು ಬರೆಯಿರಿ, ಅಮ್ಮನಿಗೆ ಓದಿ ಹೇಳುತ್ತೇನೆ, ಅವರೇ ಆರಿಸಿಕೊಳ್ಳಲಿ.